ಅಕ್ಷರದ ಬಣ್ಣ ಕನಸಿನಲ್ಲೂ ಕಂಡರೆ

‘ಅ’ ಅಕ್ಷರ ಕೆಂಪಾಗಿಯೂ ಗುರುವಾರ ಹಸಿರಾಗಿಯೂ ತೋರುವುದು, ಅದೇ ಬಣ್ಣಗಳು ಕನಸಿನಲ್ಲೂ ಮೂಡುವುದು ಮನೋರೋಗದ ಲಕ್ಷಣವೇ ಎಂದು ಕೇಳಿರುವ ಓದುಗರು ಹೆದರಬೇಕಾಗಿಲ್ಲ. ಒಂದು ಇಂದ್ರಿಯದ ಅಥವಾ ಅರಿವಿನ ಪ್ರಚೋದನೆ ತಾನಾಗಿಯೇ ಮತ್ತೊಂದು ಸಂವೇದನೆಯನ್ನು ಎಬ್ಬಿಸುವ ಈ ಸ್ಥಿತಿಗೆ ಸಿನೆಸ್ತೇಷಿಯಾ ಎಂದು ಹೆಸರು. ಜೂಲಿಯಾ ಸಿಮ್ನರ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರರಲ್ಲಿ ಸುಮಾರು ನಾಲ್ವರಲ್ಲಿ ಇದರ ಯಾವುದಾದರೊಂದು ಬಗೆ ಇರುತ್ತದೆ.

ಕನಸುಗಳು ಹೆಚ್ಚು ಸ್ಫುಟವಾಗಿ ಬೀಳುವ ರೆಮ್ ನಿದ್ರೆಯಲ್ಲಿ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಹಂತದಲ್ಲಿ, ಹೊರಗಿನ ಬೆಳಕು ಒಳಬರದಿದ್ದರೂ ದೃಶ್ಯಗಳನ್ನು ಕಟ್ಟುವ ಮಿದುಳಿನ ಭಾಗಗಳು ಚುರುಕಾಗಿಯೇ ಇರುವುದರಿಂದ, ಕನಸಿನಲ್ಲಿ ಓದಿದ ಅಕ್ಷರ ಅಥವಾ ಕೇಳಿದ ದನಿ ಎಚ್ಚರದ ಬಣ್ಣವನ್ನೇ ಹೊತ್ತು ಬಂದರೆ ಅದು ಅಸಹಜವಲ್ಲ. ದೃಷ್ಟಿ ಕಳೆದುಕೊಂಡು ವರ್ಷಗಳಾದ ಮೇಲೂ ವಾರದ ದಿನಗಳ ಹೆಸರು ಕೇಳಿದೊಡನೆ ಬಣ್ಣ ಕಾಣುತ್ತಿದ್ದವರ ಅನುಭವವೂ ಸಂಶೋಧನೆಯಲ್ಲಿ ದಾಖಲಾಗಿದೆ. ಬಣ್ಣ ಹುಟ್ಟುವುದು ಕಣ್ಣಿನಲ್ಲಲ್ಲ, ಮಿದುಳಿನಲ್ಲಿ ಎಂಬುದಕ್ಕೆ ಇದಕ್ಕಿಂತ ಮನಮುಟ್ಟುವ ಸಾಕ್ಷ್ಯ ಅಪರೂಪ.

ಈ ಬಣ್ಣಗಳಲ್ಲಿ ಶಕುನ ಹುಡುಕುವುದು ಮಾತ್ರ ತರವಲ್ಲ. ಎದ್ದ ಕೂಡಲೇ ಅವುಗಳನ್ನು ಬರೆದಿಟ್ಟು ಹಗಲಿನ ಬಣ್ಣಗಳೊಡನೆ ಹೋಲಿಸಿ ನೋಡಬಹುದು. ಬಾಲ್ಯದಿಂದ ಇಲ್ಲದ ಈ ಅನುಭವ ಹಠಾತ್ತನೆ ತೊಡಗಿ, ಜೊತೆಗೆ ತಲೆನೋವು ಅಥವಾ ಮೂರ್ಛೆಯೂ ಇದ್ದರೆ ನರರೋಗ ತಜ್ಞರನ್ನು ತಡಮಾಡದೆ ಕಾಣಬೇಕು.