ಕಾರಿನ ಬೆಲೆಯೂ ಬಲವಿಜ್ಞಾನದ ತಕ್ಕಡಿಯೂ

ಮನೆಗೆ ಹೊಸ ಕಾರನ್ನು ಕೊಳ್ಳುವ ಮಾತು ಬಂದಿತೆಂದರೆ ಸಂಸಾರದಲ್ಲಿ ಒಬ್ಬೊಬ್ಬರದು ಒಂದೊಂದು ಮತವಾಗುತ್ತದೆ. ಮಗನಿಗೆ ಎಂಜಿನಿನ ಅಶ್ವಶಕ್ತಿ ಮುಖ್ಯ. ಮಗಳಿಗೆ ಚಾವಣಿಯಲ್ಲಿ ತೆರೆಯುವ ಗಾಜಿನ ಕಿಂಡಿ ಬೇಕು. ತಾಯಿ ಸಾಮಾನು ಇಡುವ ಸ್ಥಳವನ್ನು ವಿಚಾರಿಸುತ್ತಾಳೆ. ತಂದೆಯ ಕಣ್ಣು ಬೆಲೆಯ ಪಟ್ಟಿಯ ಕೊನೆಯ ಸಾಲಿನ ಮೇಲೆಯೇ ನೆಟ್ಟಿರುತ್ತದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯೊಡನೆ ಚರ್ಚೆ ಮುಗಿಯುವುದೇ ಹೆಚ್ಚು. ಗಾದೆಯೇನೋ ಸರಿ. ಆದರೆ ಹಾಸಿಗೆಯ ಉದ್ದವನ್ನು ಅಳೆಯುವ ನಾವು ಕಾಲಿನ ಉದ್ದವನ್ನು ಅಳೆಯುವುದುಂಟೆ? ಕೈಯಲ್ಲಿರುವ ಹಣ ಎಷ್ಟೆಂಬುದು ಎಲ್ಲರಿಗೂ ಗೊತ್ತು; ಕಾರಿನಿಂದ ನಮಗೆ ಆಗಬೇಕಾದ ಕೆಲಸವೆಷ್ಟೆಂಬುದನ್ನು ಲೆಕ್ಕ ಹಾಕುವವರು ವಿರಳ.

ಈ ಲೆಕ್ಕಕ್ಕೆ ಬೇಕಾದ ವಿದ್ಯೆ ಹೈಸ್ಕೂಲಿನ ಪಾಠಗಳಲ್ಲಿಯೇ ಇದೆ. ಬಲ, ಕಾರ್ಯ, ಚಲನಶಕ್ತಿ ಎಂಬ ಮೂರು ಪರಿಮಾಣಗಳನ್ನು ಹಿಡಿದು, ಕಾರಿನ ಯಾವ ಗುಣಕ್ಕೆ ಹಣ ಕೊಡುವುದು ನ್ಯಾಯ, ಯಾವುದನ್ನು ಬಿಟ್ಟರೂ ನಷ್ಟವಿಲ್ಲ, ಯಾವುದನ್ನು ಬಿಡಲೇ ಕೂಡದು ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಬೆಲೆಯನ್ನೇ ಗುರಿಯಾಗಿಟ್ಟುಕೊಂಡ ಕಾರು

ಉದಾಹರಣೆಗೆ ನಮ್ಮ ದೇಶದ ಒಂದು ಪ್ರಸಿದ್ಧ ಪ್ರಯೋಗವನ್ನೇ ತೆಗೆದುಕೊಳ್ಳೋಣ. ೨೦೦೮ನೆಯ ಇಸವಿಯ ಜನವರಿ ೧೦ರಂದು ದೆಹಲಿಯ ಮೋಟಾರು ಪ್ರದರ್ಶನದಲ್ಲಿ ಟಾಟಾ ಕಂಪನಿಯವರು ನ್ಯಾನೊ ಎಂಬ ಪುಟ್ಟ ಕಾರನ್ನು ಜನರ ಮುಂದಿಟ್ಟರು. ತೆರಿಗೆ, ಸಾಗಣೆಗಳನ್ನು ಬಿಟ್ಟು ಅದರ ಬೆಲೆ ಒಂದು ಲಕ್ಷ ರೂಪಾಯಿಯೆಂದು ಸಾರಿದರು. ಒಂದೇ ಸ್ಕೂಟರಿನ ಮೇಲೆ ನಾಲ್ಕು ಜನರ ಸಂಸಾರವೊಂದು ಮಳೆಯಲ್ಲಿ ಹೋಗುತ್ತಿದ್ದುದನ್ನು ಕಂಡು ಈ ಯೋಚನೆ ಹುಟ್ಟಿತೆಂದು ರತನ್ ಟಾಟಾ ಅವರು ಹೇಳಿದ್ದುಂಟು. ೨೦೦೯ರಲ್ಲಿ ಮಾರಾಟಕ್ಕೆ ಬಂದ ಈ ಕಾರಿನ ತಯಾರಿಕೆ ೨೦೧೮ರ ಸುಮಾರಿಗೆ ನಿಂತುಹೋಯಿತು.

ಸಾಧಾರಣವಾಗಿ ಕಾರನ್ನು ಮೊದಲು ರೂಪಿಸಿ ಅನಂತರ ಬೆಲೆಯನ್ನು ಕಟ್ಟುತ್ತಾರೆ. ಇಲ್ಲಿ ಬೆಲೆ ಮೊದಲು ನಿಶ್ಚಯವಾಯಿತು. ಕಾರು ಅದರೊಳಗೆ ಅಡಗಬೇಕಾಯಿತು. ಆದುದರಿಂದ ಅತ್ಯಂತ ಅಗ್ಗದ ಮಾದರಿಯಲ್ಲಿ ಒಂದೊಂದನ್ನೇ ತೆಗೆದುಹಾಕುತ್ತ ಬಂದರು. ಎರಡು ಸಿಲಿಂಡರುಗಳ, ೬೨೪ ಘನ ಸೆಂಟಿಮೀಟರಿನ, ಸುಮಾರು ೩೫ ಅಶ್ವಶಕ್ತಿಯ ಎಂಜಿನನ್ನು ಹಿಂಭಾಗದಲ್ಲಿ ಕೂರಿಸಿದರು. ಚಕ್ರಕ್ಕೆ ನಾಲ್ಕರ ಬದಲು ಮೂರು ನಟ್ಟುಗಳು. ಮುಂದಿನ ಗಾಜಿಗೆ ಒಂದೇ ವೈಪರು. ಹೊರಗನ್ನಡಿ ಚಾಲಕನ ಕಡೆಗೆ ಮಾತ್ರ. ಹಿಂದಿನ ಡಿಕ್ಕಿಗೆ ತೆರೆಯುವ ಬಾಗಿಲಿಲ್ಲ. ಏರ್‌ಬ್ಯಾಗು ಎಂಬ ಗಾಳಿಚೀಲವೂ ಇಲ್ಲ. ಈ ಪಟ್ಟಿಯನ್ನು ನೋಡಿ ನಗುವುದು ಸುಲಭ. ಆದರೆ ಇವೆಲ್ಲವೂ ಒಂದೇ ಬಗೆಯ ಕೊರತೆಗಳಲ್ಲ. ಅವುಗಳನ್ನು ಬೇರ್ಪಡಿಸುವುದೇ ನಮ್ಮ ಪಾಠ.

ಎಷ್ಟು ಅಶ್ವಶಕ್ತಿ ಬೇಕು?

ಮೊದಲು ಎಂಜಿನನ್ನು ನೋಡೋಣ. ಸುಮಾರು ೬೦೦ ಕಿಲೋಗ್ರಾಂ ತೂಗುವ ಈ ಕಾರಿನಲ್ಲಿ ನಾಲ್ವರು ಕುಳಿತರೆ ಒಟ್ಟು ೮೫೦ ಕಿಲೋಗ್ರಾಂ ಎಂದು ಹಿಡಿಯಬಹುದು. ೧೫ ಮೀಟರು ಸಾಗಿದರೆ ೧ ಮೀಟರು ಏರುವ ಘಾಟಿಯ ರಸ್ತೆಯಲ್ಲಿ ಇದು ಗಂಟೆಗೆ ೩೬ ಕಿಲೋಮೀಟರು, ಎಂದರೆ ಸೆಕೆಂಡಿಗೆ ೧೦ ಮೀಟರು ವೇಗದಿಂದ ಹತ್ತುತ್ತಿದೆಯೆನ್ನೋಣ. ಏರನ್ನು ಗೆಲ್ಲಲು ಬೇಕಾದ ಬಲ ೮೫೦ × ೯.೮ ÷ ೧೫, ಅಂದರೆ ಸುಮಾರು ೫೫೫ ನ್ಯೂಟನ್. ಟೈರುಗಳ ಉರುಳುಘರ್ಷಣೆಗೆ ಸುಮಾರು ೧೦೦ ನ್ಯೂಟನ್, ಗಾಳಿಯ ತಡೆಗೆ ಸುಮಾರು ೪೦ ನ್ಯೂಟನ್ ಸೇರಿಸಿದರೆ ಒಟ್ಟು ೭೦೦ ನ್ಯೂಟನ್ನಿನಷ್ಟಾಗುತ್ತದೆ. ಬಲವನ್ನು ವೇಗದಿಂದ ಗುಣಿಸಿದರೆ ೭ ಕಿಲೋವಾಟ್, ಅಂದರೆ ಹತ್ತು ಅಶ್ವಶಕ್ತಿಗೂ ಕಡಮೆ! ಘಾಟಿಯನ್ನು ಹತ್ತುವುದಕ್ಕೆ ಪುಟ್ಟ ಎಂಜಿನು ಧಾರಾಳವಾಗಿ ಸಾಕು.

ಹೀಗಿರಲು ದೊಡ್ಡ ಎಂಜಿನು ಎಲ್ಲಿ ಬೇಕಾಗುತ್ತದೆ? ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದೆ ಹಾಕುವಾಗ. ಇದೇ ಕಾರು ೬ ಸೆಕೆಂಡುಗಳಲ್ಲಿ ಗಂಟೆಗೆ ೬೦ರಿಂದ ೮೦ ಕಿಲೋಮೀಟರಿಗೆ ವೇಗ ಹೆಚ್ಚಿಸಿಕೊಳ್ಳಬೇಕಾದರೆ ಅದರ ಚಲನಶಕ್ತಿ ಸುಮಾರು ೯೨,೦೦೦ ಜೂಲಿನಷ್ಟು ಏರಬೇಕು. ಇದಕ್ಕೆ ೧೫ ಕಿಲೋವಾಟ್, ಗಾಳಿ ಮತ್ತು ಟೈರುಗಳ ತಡೆಗೆ ಇನ್ನೂ ೫ ಕಿಲೋವಾಟ್, ಒಟ್ಟು ಸುಮಾರು ೨೭ ಅಶ್ವಶಕ್ತಿ. ಎಂಜಿನಿನಿಂದ ಚಕ್ರಕ್ಕೆ ಹೋಗುವಷ್ಟರಲ್ಲಿ ಒಂದಿಷ್ಟು ಶಕ್ತಿ ವ್ಯಯವಾಗುವುದರಿಂದ ೩೫ ಅಶ್ವಶಕ್ತಿಯ ಎಂಜಿನಿಗೆ ಇಲ್ಲಿ ಉಳಿತಾಯವೇನೂ ಇಲ್ಲ. ಪೇಟೆಯೊಳಗೆ ಓಡಾಡುವವನಿಗೆ ಈ ಕಾರು ಸಾಲುತ್ತದೆ. ವಾರಕ್ಕೊಮ್ಮೆ ಹೆದ್ದಾರಿ ಹಿಡಿಯುವವನಿಗೆ ಸಾಲದು. ಅವನು ಹೆಚ್ಚಿನ ಅಶ್ವಶಕ್ತಿಗೆ ಕೊಡುವ ಹಣ ದುಂದುವೆಚ್ಚವಲ್ಲ. ಪೇಟೆಯವನು ಕೊಟ್ಟರೆ ಬಹುಮಟ್ಟಿಗೆ ದುಂದುವೆಚ್ಚವೇ. ಕಾರಿನ ಗುಣ ಕಾರಿನಲ್ಲಿ ಮಾತ್ರ ಇರುವುದಲ್ಲ, ಅದು ಓಡುವ ರಸ್ತೆಯಲ್ಲಿಯೂ ಇದೆ.

ಮೂರು ನಟ್ಟುಗಳ ವಿಷಯವೂ ಹೀಗೆಯೇ. ಹಗುರವಾದ ಕಾರಿನ ಚಕ್ರದ ಮೇಲೆ ಬೀಳುವ ಬಲ ಕಡಮೆ. ಅದಕ್ಕೆ ತಕ್ಕಷ್ಟು ನಟ್ಟು ಸಾಕು. ಚಿಕ್ಕ ಗಾಜಿಗೆ ಒಂದು ವೈಪರು ಸಾಕು. ಇವು ಕೊರತೆಗಳಲ್ಲ, ಮಿತವ್ಯಯ. ಡಿಕ್ಕಿಗೆ ಬಾಗಿಲಿಲ್ಲದಿರುವುದು ಅನಾನುಕೂಲ. ಹಿಂದಿನ ಸೀಟಿನ ಮೇಲಿಂದ ಸಾಮಾನು ಇಟ್ಟು ತೆಗೆಯುವ ತೊಂದರೆಯನ್ನು ಸಹಿಸಿಕೊಳ್ಳಬಹುದು. ಎಡಗಡೆಯ ಕನ್ನಡಿ ಇಲ್ಲದಿರುವುದು ಮಾತ್ರ, ದ್ವಿಚಕ್ರ ವಾಹನಗಳು ಎಡದಿಂದಲೂ ನುಗ್ಗುವ ನಮ್ಮ ಬೀದಿಗಳಲ್ಲಿ, ಅನಾನುಕೂಲದ ಎಲ್ಲೆಯನ್ನು ದಾಟಿ ಅಪಾಯದ ಕಡೆಗೆ ವಾಲುತ್ತದೆ.

ಬಿಡಲಾಗದ ಗುಣ

ಈಗ ಪಟ್ಟಿಯ ಕೊನೆಯ ಅಂಶಕ್ಕೆ ಬರೋಣ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿದೆಯೆಂಬುದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದರ ಅರ್ಥವನ್ನು ಮನಸ್ಸಿಗೆ ತಂದುಕೊಂಡವರು ಎಷ್ಟು ಜನ? ಗಂಟೆಗೆ ೬೪ ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು ೧೭.೮ ಮೀಟರು. ಎತ್ತರದಿಂದ ಬಿದ್ದ ವಸ್ತು ಈ ವೇಗವನ್ನು ಪಡೆಯಬೇಕಾದರೆ ೧೬ ಮೀಟರು ಬೀಳಬೇಕು. ಆ ವೇಗದ ಕಾರು ಗೋಡೆಗೆ ಬಡಿಯುವುದೂ ಐದು ಅಂತಸ್ತಿನ ಕಟ್ಟಡದ ಮೇಲಿಂದ ನೆಲಕ್ಕೆ ಬೀಳುವುದೂ ಒಂದೇ.

ಹೀಗೆ ಬಡಿದಾಗ ಕಾರು ನಿಲ್ಲುತ್ತದೆ. ಒಳಗಿರುವ ಮನುಷ್ಯನು ಜಡತ್ವದಿಂದ ಮುಂದೆ ಹೋಗುತ್ತಲೇ ಇರುತ್ತಾನೆ. ಅವನೂ ನಿಲ್ಲಲೇಬೇಕು. ಎಷ್ಟು ದೂರದಲ್ಲಿ ನಿಲ್ಲುತ್ತಾನೆ ಎಂಬುದೇ ಜೀವನ್ಮರಣದ ಪ್ರಶ್ನೆ. ಕಾರಿನ ಮೂತಿ ಕುಗ್ಗುತ್ತ, ಬೆಲ್ಟು ಹಿಗ್ಗುತ್ತ ಅವನನ್ನು ೬೦ ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಅವನ ಮೇಲೆ ಬೀಳುವ ಸರಾಸರಿ ಬಲ ಅವನ ತೂಕದ ೨೭ರಷ್ಟು. ಇದು ಘೋರವಾದರೂ ಕೆಲವು ಕ್ಷಣ ದೇಹ ತಾಳಬಲ್ಲದು. ಬೆಲ್ಟಿಲ್ಲದೆ ತಲೆ ನೇರವಾಗಿ ಗಟ್ಟಿಯಾದ ಭಾಗಕ್ಕೆ ತಗುಲಿ ೫ ಸೆಂಟಿಮೀಟರಿನಲ್ಲಿ ನಿಂತರೆ ಮಂದನವು ಗುರುತ್ವದ ೩೨೦ರಷ್ಟಾಗುತ್ತದೆ. ಇದನ್ನು ತಾಳುವ ತಲೆಬುರುಡೆಯಿಲ್ಲ. ಶಕ್ತಿ ಎರಡು ಸಂದರ್ಭಗಳಲ್ಲಿಯೂ ಒಂದೇ. ದೂರ ಮಾತ್ರ ಬೇರೆ. ಬೆಲ್ಟು, ಗಾಳಿಚೀಲ, ಕುಗ್ಗುವ ಮೂತಿ, ಇವೆಲ್ಲ ಮಾಡುವ ಕೆಲಸವೊಂದೇ: ನಿಲ್ಲುವ ದೂರವನ್ನು ಹೆಚ್ಚಿಸುವುದು. ಎದೆಯ ಮೇಲೆ ಅಡ್ಡಲಾಗಿಯೂ ಸೊಂಟದ ಮೇಲೂ ಹಾಯುವ ಇಂದಿನ ಬೆಲ್ಟನ್ನು ೧೯೫೯ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಅವರು ರೂಪಿಸಿದರು. ಆ ಕಂಪನಿ ಅದನ್ನು ಇತರರೂ ಬಳಸಿಕೊಳ್ಳಲು ಬಿಟ್ಟುಕೊಟ್ಟಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ನಮ್ಮಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಪ್ರಯಾಣ ಮಾಡುವ ರೂಢಿಯುಂಟು. ಮೇಲೆ ಹೇಳಿದ ಅಪಘಾತದಲ್ಲಿ ೧೦ ಕಿಲೋಗ್ರಾಂ ತೂಗುವ ಮಗುವನ್ನು ಹಿಡಿದುಕೊಳ್ಳಲು ೨೭೦ ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ಪ್ರೀತಿಯೂ ತೋಳಿಗೆ ಅಷ್ಟು ಬಲವನ್ನು ಕೊಡಲಾರದು. ಮಗುವಿಗೆ ಹಿಂದಿನ ಸೀಟಿನಲ್ಲಿ ಬಿಗಿಯುವ ಪ್ರತ್ಯೇಕ ಆಸನವು ಕಾರಿನ ಬೆಲೆಯ ಮುಂದೆ ಅಲ್ಪವೆಚ್ಚ.

೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಕಾರುಗಳನ್ನು ಗಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ತಡೆಗೆ ಡಿಕ್ಕಿ ಹೊಡೆಯಿಸಿ ಪರೀಕ್ಷಿಸಿತು. ಗಾಳಿಚೀಲವಿಲ್ಲದ ಆ ಐದೂ ಮಾದರಿಗಳಿಗೆ ದೊಡ್ಡವರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ಸಿಗಲಿಲ್ಲ. ನ್ಯಾನೊ ಅವುಗಳಲ್ಲೊಂದು. ಅದೇ ಪರೀಕ್ಷೆಯಲ್ಲಿದ್ದ ಫೋಕ್ಸ್‌ವ್ಯಾಗನ್ ಪೋಲೊ ಕಾರಿನ ಕಥೆ ವಿದ್ಯಾರ್ಥಿಗಳಿಗೆ ಬೋಧಪ್ರದವಾದುದು. ಅದರ ಚೌಕಟ್ಟು ಕುಸಿಯದೆ ನಿಂತಿತ್ತು; ಎರಡು ಗಾಳಿಚೀಲಗಳಿದ್ದ ಮಾದರಿಯನ್ನು ಪರೀಕ್ಷಿಸಿದಾಗ ಸೊನ್ನೆಯಿದ್ದ ಸ್ಥಳದಲ್ಲಿ ನಾಲ್ಕು ನಕ್ಷತ್ರಗಳು ಬಂದವು. ನ್ಯಾನೊವಿನ ಚೌಕಟ್ಟು ಮಾತ್ರ ದುರ್ಬಲವಾಗಿದ್ದು, ಗಾಳಿಚೀಲವನ್ನು ಸೇರಿಸಿದರೂ ಪ್ರಯೋಜನವಾಗದೆಂದು ಪರೀಕ್ಷಕರು ಅಭಿಪ್ರಾಯಪಟ್ಟರು. ಕುಸಿದುಹೋಗುವ ಕೋಣೆಯಲ್ಲಿ ಮೆತ್ತೆಯನ್ನಿಟ್ಟು ಫಲವೇನು? ಆದುದರಿಂದ ಗಾಳಿಚೀಲಗಳ ಸಂಖ್ಯೆಯನ್ನು ಮಾತ್ರ ಎಣಿಸಿ ತೃಪ್ತಿಪಡುವುದು ಸರಿಯಲ್ಲ.

ಆ ಬಳಿಕ ಕಾನೂನು ಬಿಗಿಯಾಗಿದೆ. ಒತ್ತಿ ಬ್ರೇಕು ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಂಡು ಸ್ಟೀರಿಂಗನ್ನು ಚಾಲಕನ ವಶದಲ್ಲಿ ಉಳಿಸುವ ಎ.ಬಿ.ಎಸ್. ವ್ಯವಸ್ಥೆಯೂ ಚಾಲಕನ ಗಾಳಿಚೀಲವೂ ೨೦೧೯ರಲ್ಲಿ ಕಡ್ಡಾಯವಾದವು. ಮುಂದಿನ ಇನ್ನೊಂದು ಆಸನದ ಗಾಳಿಚೀಲವು ೨೦೨೨ರ ಆರಂಭದಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ೨೦೨೩ರ ಅಕ್ಟೋಬರಿನಿಂದ ಭಾರತದ್ದೇ ಆದ ನಕ್ಷತ್ರಪರೀಕ್ಷೆ, ಭಾರತ್ ಎನ್‌ಕ್ಯಾಪ್, ಜಾರಿಯಲ್ಲಿದೆ. ಕಾರನ್ನು ನೋಡಲು ಹೋದಾಗ ಮೊದಲು ಕೇಳಬೇಕಾದುದು ಈ ಫಲಿತಾಂಶವನ್ನು, ಬಣ್ಣವನ್ನಲ್ಲ.

ಉಳಿತಾಯದ ಭ್ರಮೆ

ಇನ್ನು ಹಣದ ಲೆಕ್ಕ. "ಈ ಮಾದರಿಗೆ ಒಂದೂವರೆ ಲಕ್ಷ ಹೆಚ್ಚು, ಆದರೆ ಪೆಟ್ರೋಲು ಉಳಿಯುತ್ತದೆ" ಎಂಬ ಮಾತನ್ನು ಅಂಗಡಿಯಲ್ಲಿ ಕೇಳುತ್ತೇವೆ. ಒಂದು ಕಾರು ಲೀಟರಿಗೆ ೧೮ ಕಿಲೋಮೀಟರು, ಇನ್ನೊಂದು ೨೪ ಕಿಲೋಮೀಟರು ಓಡುತ್ತದೆ, ಪೆಟ್ರೋಲಿಗೆ ಲೀಟರಿಗೆ ೧೦೦ ರೂಪಾಯಿ ಎಂದು ಹಿಡಿಯೋಣ. ಮೊದಲನೆಯದಕ್ಕೆ ಕಿಲೋಮೀಟರಿಗೆ ೫ ರೂಪಾಯಿ ೫೬ ಪೈಸೆ, ಎರಡನೆಯದಕ್ಕೆ ೪ ರೂಪಾಯಿ ೧೭ ಪೈಸೆ. ಉಳಿತಾಯ ೧ ರೂಪಾಯಿ ೩೯ ಪೈಸೆ. ಹೆಚ್ಚಿಗೆ ಕೊಟ್ಟ ಒಂದೂವರೆ ಲಕ್ಷ ಹಿಂದಿರುಗಬೇಕಾದರೆ ೧,೦೮,೦೦೦ ಕಿಲೋಮೀಟರು ಓಡಿಸಬೇಕು. ವರ್ಷಕ್ಕೆ ೩೦,೦೦೦ ಕಿಲೋಮೀಟರು ಓಡಿಸುವ ಬಾಡಿಗೆಯವನಿಗೆ ನಾಲ್ಕು ವರ್ಷದೊಳಗೆ ಹಣ ಕೈಸೇರುತ್ತದೆ. ೮,೦೦೦ ಕಿಲೋಮೀಟರು ಓಡಿಸುವ ಮೇಷ್ಟರಿಗೆ ಹದಿಮೂರೂವರೆ ವರ್ಷ ಬೇಕು!

ಸಾಲದ ಬಡ್ಡಿಯನ್ನೂ ಮರೆಯಬಾರದು. ಆರು ಲಕ್ಷ ರೂಪಾಯಿಯನ್ನು ನೂರಕ್ಕೆ ೯ರಂತೆ ಐದು ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು ೧೨,೪೫೫ ರೂಪಾಯಿ; ಒಟ್ಟು ಬಡ್ಡಿಯೇ ಸುಮಾರು ೧,೪೭,೦೦೦. ಇತ್ತ ಕಾರಿನ ಮೌಲ್ಯ ವಿಕಿರಣಧಾತುವಿನಂತೆ ಕ್ಷಯಿಸುತ್ತಿರುತ್ತದೆ. ವಿಮೆಯ ರೂಢಿಯ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿದ ಕಾರಿನ ಮೌಲ್ಯದಿಂದ ನೂರಕ್ಕೆ ೫೦ ಭಾಗವನ್ನು ಕಳೆಯುತ್ತಾರೆ. ಅಂದಕ್ಕೆಂದು ಕೊಟ್ಟ ಲಕ್ಷವೂ ಹೀಗೆಯೇ ಕರಗುತ್ತದೆ. ನಮ್ಮ ಬಿಸಿಲಿನಲ್ಲಿ ಚಾವಣಿಯ ಗಾಜು ಒಳಕ್ಕೆ ಬಿಡುವ ಶಾಖವನ್ನು ಹೊರಹಾಕಲು ತಂಪುಯಂತ್ರ ಹೆಚ್ಚು ದುಡಿಯಬೇಕೆಂಬುದು ಬೇರೆ.

ಉಪಸಂಹಾರ

ನ್ಯಾನೊವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸ್ಕೂಟರಿನ ಮೇಲೆ ನಾಲ್ವರು ಕುಳಿತು ಹೋಗುವುದಕ್ಕೆ ಹೋಲಿಸಿದರೆ ನೆತ್ತಿಯ ಮೇಲೊಂದು ಸೂರು, ನಾಲ್ಕು ಚಕ್ರಗಳ ಸ್ಥಿರತೆ ದೊಡ್ಡ ಲಾಭವೇ. "ಅತ್ಯಂತ ಅಗ್ಗದ ಕಾರು" ಎಂಬ ಹೆಸರೇ ಅದಕ್ಕೆ ಹಾನಿ ಮಾಡಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ಬೆಲೆಯೊಂದೇ ಗುಣವಾಗಲಾರದು, ಗುಣಗಳೆಲ್ಲವೂ ಬೆಲೆಗೆ ಅರ್ಹವೂ ಅಲ್ಲ.

ಆದುದರಿಂದ ಕೊಳ್ಳುವವರು ಈ ಕ್ರಮದಲ್ಲಿ ತೂಗಿ ನೋಡಬೇಕು. ಮೊದಲನೆಯದಾಗಿ ಚೌಕಟ್ಟು, ಬ್ರೇಕು, ಬೆಲ್ಟು, ಗಾಳಿಚೀಲ, ಇವುಗಳಲ್ಲಿ ಚೌಕಾಶಿಯಿಲ್ಲ. ಎರಡನೆಯದಾಗಿ ನಮ್ಮ ದಾರಿಗೂ ಸಂಸಾರಕ್ಕೂ ತಕ್ಕ ಸಾಮರ್ಥ್ಯ, ಸ್ಥಳ, ನೆಲದಿಂದ ಎತ್ತರ. ಮೂರನೆಯದಾಗಿ ನಾವು ನಿಜವಾಗಿ ಓಡಿಸುವ ದೂರದ ಮೇಲೆ ಕಟ್ಟಿದ ಇಂಧನದ ಲೆಕ್ಕ. ಅಲಂಕಾರಕ್ಕೆ ಕಡೆಯ ಸ್ಥಾನ. ಹಣ ಮಿಕ್ಕಿದರೆ ಅದೂ ಇರಲಿ.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಎರಡು ಲೆಕ್ಕಗಳನ್ನು ಕೊಡುತ್ತೇವೆ. ಒಂದು: ೧,೦೦೦ ಕಿಲೋಗ್ರಾಂ ಕಾರು ಗಂಟೆಗೆ ೬೦ ಕಿಲೋಮೀಟರಿನ ಬದಲು ೯೦ರಲ್ಲಿ ಓಡಿದರೆ ಅದರ ಚಲನಶಕ್ತಿ ಎಷ್ಟು ಪಟ್ಟಾಗುತ್ತದೆ? ಎರಡು: ಲೀಟರಿಗೆ ೨೦ ಮತ್ತು ೨೫ ಕಿಲೋಮೀಟರು ಓಡುವ ಎರಡು ಕಾರುಗಳ ಬೆಲೆಯಲ್ಲಿ ಎರಡು ಲಕ್ಷದ ವ್ಯತ್ಯಾಸವಿದ್ದರೆ, ಅದು ಹಿಂದಿರುಗಲು ಎಷ್ಟು ದೂರ ಓಡಿಸಬೇಕು? ಉತ್ತರಗಳನ್ನು ಪುಸ್ತಕದಲ್ಲಿ ಬರೆದಿಟ್ಟರೆ ಸಾಲದು. ಮನೆಯಲ್ಲಿ ಕಾರಿನ ಮಾತು ಬಂದ ದಿನ ಹಿರಿಯರ ಮುಂದಿಡಬೇಕು.