ಕ್ಷಯರೋಗದ ಔಷಧಿಗಳು: ಅಡ್ಡಪರಿಣಾಮಗಳ ಅರಿವು

ಉದ್ದೇಶಗಳು: ಕ್ಷಯರೋಗದ ಔಷಧಿಗಳ ಅಡ್ಡಪರಿಣಾಮಗಳಲ್ಲಿ ನಿರಪಾಯವಾದುವನ್ನೂ ಅಪಾಯಸೂಚಕವಾದುವನ್ನೂ ವಿದ್ಯಾರ್ಥಿಗಳು ಬೇರ್ಪಡಿಸಿ ಗುರುತಿಸುವರು, ಚಿಕಿತ್ಸೆಯನ್ನು ನಡುವೆ ಬಿಡಬಾರದೇಕೆಂದು ವಿವರಿಸುವರು.

ಪೀಠಿಕೆ: ಸಾಮಾನ್ಯ ಕ್ಷಯರೋಗಕ್ಕೆ 6 ತಿಂಗಳ ಚಿಕಿತ್ಸೆಯುಂಟು. ವಯಸ್ಕರಿಗೆ ಮೊದಲ 2 ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಿಗಳನ್ನೂ, ಉಳಿದ 4 ತಿಂಗಳು ಪೈರಾಜಿನಮೈಡ್ ಬಿಟ್ಟು ಮೂರನ್ನೂ ಕೊಡುತ್ತಾರೆ. ಕೆಲವು ವಾರಗಳಲ್ಲಿಯೇ ಕೆಮ್ಮು ತಗ್ಗುತ್ತದೆ. ಆಗ ರೋಗಿಗೆ ರೋಗದ ಭಯಕ್ಕಿಂತ ಮಾತ್ರೆಯ ಭಯವೇ ಹೆಚ್ಚಾಗುವುದುಂಟು. ಮಾತ್ರೆ ಬಿಟ್ಟರೆ ಉಳಿದ ರೋಗಾಣುಗಳು ಮತ್ತೆ ಬೆಳೆಯುತ್ತವೆ, ಔಷಧಿಗೆ ಬಗ್ಗದಂತಾಗಲೂಬಹುದು.

ವಿಷಯ ವಿವರಣೆ:
1. ರಿಫಾಂಪಿಸಿನ್‌ನಿಂದ ಮೂತ್ರ, ಬೆವರು, ಕಣ್ಣೀರು ಕಿತ್ತಳೆಗೆಂಪಾಗುತ್ತವೆ. ಇದು ರಕ್ತವಲ್ಲ, ಔಷಧಿಯ ಬಣ್ಣ. ಅಂಜಬೇಕಿಲ್ಲ.
2. ಪೈರಾಜಿನಮೈಡ್ ರಕ್ತದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸುವುದರಿಂದ ಕೀಲುನೋವು ಬರಬಹುದು. ವೈದ್ಯರಿಗೆ ತಿಳಿಸಿ ಶಮನ ಪಡೆಯಬಹುದು.
3. ಐಸೋನಿಯಾಜಿಡ್‌ನಿಂದ ಅಂಗೈ, ಅಂಗಾಲುಗಳಲ್ಲಿ ಉರಿ, ಜೋಮು ಉಂಟಾಗಬಹುದು. ಇದಕ್ಕೆ ಬಿ6 ಜೀವಸತ್ವದ ಮಾತ್ರೆಯುಂಟು.
4. ಎಥಾಂಬುಟಾಲ್ ಕೆಲವರಲ್ಲಿ ಕಣ್ಣಿನ ನರವನ್ನು ಬಾಧಿಸುತ್ತದೆ. ದೃಷ್ಟಿ ಮಂಜಾಗುವುದು, ಕೆಂಪು-ಹಸಿರುಗಳ ಭೇದ ತಿಳಿಯದಿರುವುದು ಇದರ ಲಕ್ಷಣಗಳು.
5. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಯಕೃತ್ತಿಗೆ ಹಾನಿ ಮಾಡಬಲ್ಲವು. ಹಸಿವಿಲ್ಲದಿರುವಿಕೆ, ಬಿಡದ ವಾಂತಿ, ಕಣ್ಣು ಹಳದಿಯಾಗುವುದು ಇದರ ಸೂಚನೆಗಳು. ಮೂತ್ರದ ಬಣ್ಣವೊಂದನ್ನೇ ನಂಬಲಾಗದು. ಕಣ್ಣಿನ ಬಿಳಿಭಾಗವನ್ನು ನೋಡಬೇಕು.

ಕೊನೆಯ ಎರಡರ ಲಕ್ಷಣ ಕಂಡರೆ ಮುಂದಿನ ಮಾತ್ರೆ ನುಂಗದೆ ಅಂದೇ ವೈದ್ಯರನ್ನು ಕಾಣಬೇಕು. ಇಲ್ಲಿ ಮಾತ್ರೆ ತಡೆಯುವುದು ಆಸ್ಪತ್ರೆಗೆ ಹೋಗುವುದಕ್ಕಾಗಿಯೇ ಹೊರತು ಚಿಕಿತ್ಸೆಯನ್ನು ಬಿಡುವುದಕ್ಕಲ್ಲ. ಔಷಧಿಯನ್ನು ಬದಲಿಸಿಯೋ ಒಂದೊಂದಾಗಿ ಮರಳಿ ಆರಂಭಿಸಿಯೋ ವೈದ್ಯರು ಚಿಕಿತ್ಸೆಯನ್ನು ಮುಂದುವರಿಸುತ್ತಾರೆ.

ಶಿಕ್ಷಕರಿಗೆ ಸೂಚನೆ: ಗಡಿನಾಡಿನ ಮನೆಗಳಲ್ಲಿ ಆಸ್ಪತ್ರೆಯ ಚೀಟಿಯನ್ನು ಓದಿ ಹೇಳುವವರು ಅನೇಕ ವೇಳೆ ಶಾಲೆಯ ಮಕ್ಕಳೇ. ಕನ್ನಡವನ್ನಷ್ಟೇ ಬಲ್ಲ ಹಿರಿಯರು ತಮ್ಮ ಬಾಧೆಯನ್ನು ಅನ್ಯಭಾಷೆಯ ವೈದ್ಯರಿಗೆ ತಿಳಿಸಲಾಗದೆ ಸುಮ್ಮನಾಗುವುದುಂಟು. ಆದ್ದರಿಂದ ಈ ಪಾಠವು ಭಾಷಾಪಾಠವೂ ಹೌದು. ಚಿಕಿತ್ಸೆಯಲ್ಲಿರುವ ಮಗು ಕರಿಹಲಗೆಯ ಬರಹವನ್ನು ಓದಲು ತಡವರಿಸತೊಡಗಿದರೆ ಶಿಕ್ಷಕರು ಅದನ್ನು ಅಲಕ್ಷ್ಯವೆಂದು ಗದರಿಸದೆ ಪಾಲಕರಿಗೆ ಕೂಡಲೇ ತಿಳಿಸಬೇಕು. ರೋಗಿಯ ಹೆಸರನ್ನು ತರಗತಿಯಲ್ಲಿ ಎತ್ತಬಾರದು.

ಚಟುವಟಿಕೆ: ‘ಅಂಜಬೇಡಿ’, ‘ವೈದ್ಯರಿಗೆ ತಿಳಿಸಿ’, ‘ಇಂದೇ ಆಸ್ಪತ್ರೆಗೆ’ ಎಂಬ ಮೂರು ಅಂಕಣಗಳಲ್ಲಿ ಮೇಲಿನ ಲಕ್ಷಣಗಳನ್ನು ವಿದ್ಯಾರ್ಥಿಗಳು ಬರೆಯಲಿ, ಪ್ರತಿಯೊಂದರ ಎದುರು ಆಯಾ ರಾಜ್ಯದ ಭಾಷೆಯ ಪದವನ್ನೂ ಸೇರಿಸಿ ಮನೆಗೆ ಒಯ್ಯಲಿ.

ಅಭ್ಯಾಸ:
1. ಮೂತ್ರ ಕಿತ್ತಳೆಗೆಂಪಾದರೆ ಅಂಜಬೇಕಿಲ್ಲವೇಕೆ?
2. ಕಾಮಾಲೆಯನ್ನು ತಿಳಿಯಲು ಕಣ್ಣನ್ನು ನೋಡಬೇಕೇಕೆ?
3. ‘ಕೆಮ್ಮು ನಿಂತಿತು, ಇನ್ನು ಮಾತ್ರೆ ಬೇಡ’ ಎನ್ನುವ ಅಜ್ಜನಿಗೆ ಮೊಮ್ಮಗಳು ಏನೆಂದು ತಿಳಿಹೇಳಬೇಕು? ಐದು ವಾಕ್ಯಗಳಲ್ಲಿ ಬರೆಯಿರಿ.