ಓಡಿದವರು ಯಾರೆಂದು ಮೊದಲು ನೋಡು

ಚಿ. ಪುಟ್ಟಿಗೆ,

  

ನೀನು ಕಳಿಸಿದ ಇಂಗ್ಲಿಷ್ ಪ್ರಬಂಧವನ್ನು ಎರಡು ಸಲ ಓದಿದೆ. ಬೇಸಿಗೆ ರಜೆಯಲ್ಲಿ ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಹಾಕಿದ್ದಾಗ ಇದ್ದಕ್ಕಿದ್ದಂತೆ ಗುಡುಗಿ ಮಳೆ ಬಂತಲ್ಲ, ಆ ಮಧ್ಯಾಹ್ನ ಮತ್ತೆ ಕಣ್ಣಿಗೆ ಕಟ್ಟಿತು. ಮೊದಲು ಬರೆದದ್ದರಲ್ಲಿ ಅಜ್ಜಿಯೂ ‘ರನ್’, ಕರುವೂ ‘ರನ್’, ಅಳಿಲೂ ‘ರನ್’. ಒಂದೇ ಪದ ಏಳು ಸಲ ಬಂದಿದೆ ಎಂದು ಟೀಚರ್ ಗುರುತು ಹಾಕಿದ ಮೇಲೆ ನೀನು ಸಮಾನಾರ್ಥಕ ಪದಗಳ ಪಟ್ಟಿ ತೆರೆದು ಒಂದೊಂದು ಕಡೆ ಒಂದೊಂದನ್ನು ಕೂರಿಸಿದ್ದೀಯ. ಈಗ ಅಜ್ಜಿ ‘ಗ್ಯಾಲಪ್’ ಮಾಡಿದ್ದಾಳೆ, ಅಳಿಲು ‘ಹೇಸನ್’ ಮಾಡಿದೆ. ಶ್ರಮಪಟ್ಟಿದ್ದೀಯ, ನನಗೆ ಸಂತೋಷವೇ. ಆದರೆ ಇಷ್ಟು ವರ್ಷ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದವನು ನಿನಗೊಂದು ಮಾತು ಹೇಳದೆ ಇರಲಾರೆ. ಪಟ್ಟಿಯಲ್ಲಿ ಅಕ್ಕಪಕ್ಕ ಕೂತ ಪದಗಳು ಒಂದೇ ಮನೆಯ ಮಕ್ಕಳು ಹೌದು. ಒಂದೊಂದರ ಸ್ವಭಾವ ಒಂದೊಂದು ಥರ.

‘ಗ್ಯಾಲಪ್’ ಎಂದರೆ ಕುದುರೆಯ ನಾಗಾಲೋಟ. ಆ ಓಟದಲ್ಲಿ ಒಂದು ಕ್ಷಣ ನಾಲ್ಕೂ ಗೊರಸುಗಳು ನೆಲ ಬಿಟ್ಟಿರುತ್ತವೆ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಅದನ್ನು ಚಿತ್ರ ತೆಗೆದು ತೋರಿಸಿದ. ಮೊಣಕಾಲು ನೋವಿನ ನಿನ್ನ ಅಜ್ಜಿಗೆ ಆ ಪದ ಒಗ್ಗುತ್ತದೆಯೇ? ಪ್ರಬಂಧವನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. “ನಾನೆಲ್ಲಿ ಓಡಿದೆ, ಲಗುಬಗೆಯಿಂದ ಎದ್ದು ಹೋದದ್ದಷ್ಟೇ” ಎಂದಳು. ನೋಡು, ಬೇಕಾದ ಪದ ಅವಳ ಬಾಯಲ್ಲೇ ಇತ್ತು! ಹೊತ್ತು ಮೀರುತ್ತದೆ ಎಂಬ ಆತಂಕದಲ್ಲಿ ಬೇಗ ಬೇಗ ಸಾಗುವುದೇ ‘ಹರ್ರಿ’. ಅದಕ್ಕೆ ಓಡಲೇಬೇಕೆಂದಿಲ್ಲ. ‘ಹೇಸನ್’ ಅರ್ಥವೂ ಅದಕ್ಕೆ ಹತ್ತಿರವೇ. ಆದರೆ ಅದು ಪುಸ್ತಕದ ಗಾಂಭೀರ್ಯವುಳ್ಳ ಪದ, ಅಳಿಲಿನ ಬೆನ್ನಿಗೆ ಭಾರ.

ಹಾಗಾದರೆ ಅಳಿಲಿಗೆ ಯಾವುದು? ತೆಂಗಿನ ಬುಡದಿಂದ ಬಾವಿಕಟ್ಟೆಗೆ, ಕಟ್ಟೆಯಿಂದ ಹಂಚಿನ ಮಾಡಿಗೆ ಅದು ಹೋದ ರೀತಿ ನೆನೆದುಕೋ. ಕಣ್ಣು ಹಿಂಬಾಲಿಸುವಷ್ಟರಲ್ಲಿ ಮಾಯ. ಅದು ‘ಡಾರ್ಟ್’. ಈ ಪದಕ್ಕೆ ಮೂಲದಲ್ಲಿ ಕೈಯಿಂದ ಎಸೆಯುವ ಚಿಕ್ಕ ಈಟಿ ಎಂದರ್ಥ. ಗುಡುಗಿಗೆ ಬೆಚ್ಚಿ ಹಗ್ಗ ಕಿತ್ತುಕೊಂಡು ತೋಟದ ಕಡೆ ಹೋದ ಕರುವಿನದು ‘ಬೋಲ್ಟ್’. ಅಡ್ಡಬಿಲ್ಲಿನಿಂದ ಹೊರಡುವ ಗಿಡ್ಡ ಬಾಣಕ್ಕೆ ಆ ಹೆಸರಿತ್ತು. ಹಿಡಿತ ತಪ್ಪಿಸಿಕೊಂಡು ಹೆದರಿ ಓಡುವುದೆಲ್ಲ ಆ ಪದದ ಪಾಲಿನದು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಮುಟ್ಟಿದನಲ್ಲ, ಹೆಸರು ಬೋಲ್ಟ್ ಆದರೂ ಅವನ ಓಟ ‘ಸ್ಪ್ರಿಂಟ್’. ಅವನು ಓಡಿದ್ದು ಗೆಲ್ಲುವುದಕ್ಕೆ.

ಚಾಪೆ ಎತ್ತಿದಾಗ ಕೆಳಗಿದ್ದ ಇರುವೆಗಳು ದಿಕ್ಕಾಪಾಲಾದವು ಎಂದು ಬರೆದಿದ್ದೀಯ. ಚಿಕ್ಕ ಕಾಲುಗಳ ಆ ಗಡಿಬಿಡಿಗೆ ‘ಸ್ಕರಿ’ ಇದೆ. ‘ಹರ್ರಿ’ಗೆ ಪ್ರಾಸವಾಗಿ ‘ಹರ್ರಿ-ಸ್ಕರಿ’ ಎಂಬ ಜೋಡಿ ಮಾತು ಹುಟ್ಟಿ, ಅದರಿಂದ ಬಿಡಿಯಾಗಿ ಬಂದ ಪದ ಇದು. ಪಕ್ಕದ ಮನೆಯ ಮಕ್ಕಳು ಮಳೆಯಲ್ಲಿ ಕೇಕೆ ಹಾಕುತ್ತ ಓಡಿದ್ದು ‘ಸ್ಕ್ಯಾಂಪರ್’. ಹಿಂದೆ ಪಲಾಯನ ಮಾಡು ಎಂಬರ್ಥವಿದ್ದ ಪದ ಈಗ ಮಕ್ಕಳ, ನಾಯಿಮರಿಗಳ ಆಟಕ್ಕೆ ಬಂದು ನಿಂತಿದೆ. ಇನ್ನು ಜಗಲಿಯಿಂದ ಚಾಪೆಯವರೆಗಿನ ನಿನ್ನ ಓಟ? ದೂರ ಕಡಿಮೆ, ಗುರಿ ಒಂದೇ, ಇದ್ದ ಶಕ್ತಿಯೆಲ್ಲ ಒಂದೇ ಸಲಕ್ಕೆ. ಅದು ‘ಡ್ಯಾಶ್’. ಮೊದಲು ಅದಕ್ಕೆ ಜೋರಾಗಿ ಬಡಿ, ಅಪ್ಪಳಿಸು ಎಂಬ ಅರ್ಥವಿತ್ತು; ಆ ರಭಸ ಇನ್ನೂ ಅದರಲ್ಲಿ ಉಳಿದಿದೆ.

ಇದನ್ನೆಲ್ಲ ಉರುಹೊಡೆಯಬೇಕೇ ಎಂದು ಹೆದರಬೇಡ. ಈ ವ್ಯತ್ಯಾಸಗಳು ನಿನ್ನ ಕಿವಿಗೆ ಹುಟ್ಟಿನಿಂದಲೇ ಗೊತ್ತು. ನಾವು ಓಟದ ಬಗೆಯನ್ನು ಹೆಚ್ಚಾಗಿ ಕ್ರಿಯಾಪದದ ಹಿಂದಿನ ಅನುಕರಣ ಪದದಲ್ಲಿ ಇಡುತ್ತೇವೆ. ಅಳಿಲು ಸರ್ರನೆ ಹೋಯಿತು, ಕರು ಚಂಗನೆ ನೆಗೆಯಿತು, ಮಗು ತುರುತುರು ಓಡಿತು, ಅಪ್ಪ ಬಿರಬಿರನೆ ನಡೆದ. ಇಂಗ್ಲಿಷಿನವರು ಆ ‘ಸರ್ರನೆ’ಯನ್ನು ಕ್ರಿಯಾಪದದ ಒಳಗೇ ತುಂಬಿಡುತ್ತಾರೆ. ಅದಕ್ಕೇ ಅವರಿಗೆ ಅಷ್ಟೊಂದು ಕ್ರಿಯಾಪದಗಳು. ಹಾಗಾಗಿ ಬರೆಯುವ ಮುಂಚೆ ಆ ಓಟವನ್ನು ಕನ್ನಡದಲ್ಲಿ ಹೇಗೆ ಹೇಳುತ್ತಿದ್ದೆ ಎಂದು ಕೇಳಿಕೋ. ಓಡಿದವರು ಯಾರು, ಎಷ್ಟು ದೂರ, ಹೆದರಿಯೋ ಖುಷಿಗೋ ಎಂಬುದು ಅಲ್ಲೇ ಸ್ಪಷ್ಟವಾಗುತ್ತದೆ. ಆಮೇಲೆ ಪಟ್ಟಿ ತೆರೆ. ಏನೂ ವಿಶೇಷವಿಲ್ಲದ ಓಟವಾದರೆ ‘ರನ್’ ಎಂದೇ ಬರೆ, ಅದರಲ್ಲಿ ಸಂಕೋಚ ಬೇಡ.

ಪಟ್ಟಿಯ ಮೇಲೆ ನನಗೆ ಸಿಟ್ಟಿಲ್ಲ, ಮಗಳೇ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1805ರಲ್ಲಿ ತನ್ನ ಬಳಕೆಗೆಂದು ಪದಗಳನ್ನು ಕೂಡಿಹಾಕತೊಡಗಿ, 1852ರಲ್ಲಿ ‘ಥೆಸಾರಸ್’ ಎಂದು ಪ್ರಕಟಿಸಿದ. ಗ್ರೀಕಿನಲ್ಲಿ ಆ ಹೆಸರಿಗೆ ಭಂಡಾರ ಎಂದರ್ಥ. ನಮ್ಮ ಅಮರಕೋಶದ ‘ಕೋಶ’ಕ್ಕೂ ಅದೇ ಅರ್ಥ. ಎರಡರಲ್ಲೂ ಪದಗಳು ಅಕಾರಾದಿಯಾಗಿಲ್ಲ, ವಿಷಯದ ಪ್ರಕಾರ ಗುಂಪುಗೂಡಿವೆ. ಭಂಡಾರದಲ್ಲಿ ಒಡವೆ ಎಷ್ಟೇ ಇರಲಿ, ಯಾರಿಗೆ ಯಾವುದು ಒಪ್ಪುತ್ತದೆ ಎಂದು ತೊಡಿಸುವವರೇ ನೋಡಬೇಕು.

ಕೊನೆಗೆ ನನಗೆ ಬಲು ಇಷ್ಟವಾದ ಪದವೊಂದನ್ನು ಕೊಡುತ್ತೇನೆ. ಬೇಗ ಎನ್ನುವುದಕ್ಕೆ ಇಂಗ್ಲಿಷಿನವರು ‘ಕ್ವಿಕ್’ ಎನ್ನುತ್ತಾರಲ್ಲ, ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಜೀವಂತ ಎಂಬ ಅರ್ಥ. ಪಾದರಸ ಅವರಿಗೆ ‘ಕ್ವಿಕ್‌ಸಿಲ್ವರ್’, ಜೀವವುಳ್ಳ ಬೆಳ್ಳಿ. ನಾವು ದಿನವೂ ಆಡುವ ‘ಜೀವ’ ಮತ್ತು ಈ ‘ಕ್ವಿಕ್’ ಒಂದೇ ಪುರಾತನ ಬೇರಿನ ಎರಡು ಚಿಗುರುಗಳು. ನಿನ್ನ ಅಳಿಲು, ಕರು, ಅಜ್ಜಿ ತಮ್ಮ ತಮ್ಮ ನಡೆಯಲ್ಲೇ ಪುಟದ ಮೇಲೆ ಜೀವಂತವಾಗಿ ಓಡಾಡಲಿ, ಅಷ್ಟೇ ನನ್ನ ಆಸೆ.

ಪ್ರಬಂಧವನ್ನು ತಿದ್ದಿ ಮತ್ತೆ ಕಳಿಸು. ಅಂದು ನೀನು ನೆನೆಯದಂತೆ ಎತ್ತಿ ತಂದ ಹಪ್ಪಳಗಳನ್ನು ಅಜ್ಜಿ ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ. ಮುಂದಿನ ವಾರ ನಿನ್ನ ಅತ್ತೆ ಬರುವಾಗ ಕೊಟ್ಟು ಕಳಿಸುತ್ತೇವೆ.

ಇಂತು ಪ್ರೀತಿಯಿಂದ,
ನಿನ್ನ ಅಜ್ಜ